ಭಟ್ಟಿಯ ಮುಂದಿನ ಮುಖ

ದಾವಣಗೆರೆ ಜಿಲ್ಲೆಯಾದ ಮರುವರ್ಷದ ದಸರೆಯ ಹೊತ್ತಿಗೆ ರೂಪಶ್ರೀ ಕ್ಯಾಮೆರಾ ಹಿಡಿದು ನಾಲ್ಕು ತಿಂಗಳಾಗಿತ್ತು. ಕ್ಯಾಮೆರಾ ಹೊಸದೇನಲ್ಲ. ಹರಿಹರದಲ್ಲಿ ಅವಳ ತವರುಮನೆಯ ಬೀದಿಯಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದ ಹಯಾತ್ ಸಾಬ್ ಮದುವೆ, ನಾಮಕರಣ ಅಂತ ಹದಿನೈದು ವರ್ಷ ಹೆಗಲಿಗೆ ಹಾಕಿಕೊಂಡು ತಿರುಗಿದ್ದದ್ದು. ರೂಪಶ್ರೀಯ ಮದುವೆಯ ಫೋಟೋಗಳನ್ನೂ ಅವರು ಅದರಲ್ಲೇ ತೆಗೆದಿದ್ದರು. ಮಗಳು ವಾಣಿ ಮೂರನೇ ಕ್ಲಾಸಿಗೆ ಬಂದು, ಮಧ್ಯಾಹ್ನದ ಹೊತ್ತು ಕೈ ಒಂದಿಷ್ಟು ಖಾಲಿಯಾದಾಗ, ತವರಿಗೆ ಹೋದವಳು ಅದನ್ನು ಕೇಳಿ ಇಸಿದುಕೊಂಡು ಬಂದಿದ್ದಳು.

ಗಂಡ ಬಸವಪ್ರಭುವಿಗೆ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಟ್ಟು ಬೋಲ್ಟು ಮಾಡುವ ಸಣ್ಣ ಕಾರ್ಖಾನೆ. "ನಮ್ಮನೇಲಿ ಇನ್ಮ್ಯಾಲೆ ಹಪ್ಪಳಕ್ಕೂ ಫೋಟೋ ಆಗ್ತೈತೆ" ಎಂದು ಅವನು ನಕ್ಕಿದ್ದ. ಅದು ಸುಳ್ಳೂ ಆಗಿರಲಿಲ್ಲ. ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳ, ಕಾಂಪೌಂಡಿನ ಬೆಕ್ಕು, ರೊಟ್ಟಿ ಬಡಿಯುವ ಅತ್ತೆಯ ಕೈ, ನಿದ್ದೆಯಲ್ಲಿ ಬಾಯಿ ತೆರೆದ ವಾಣಿ, ಹೀಗೆ ಅವಳ ರೋಲುಗಳು ತುಂಬುತ್ತಿದ್ದವು. ತುಂಬಿದ ರೋಲನ್ನು ಪಿ.ಜೆ. ಬಡಾವಣೆಯ ಕಲರ್ ಲ್ಯಾಬಿಗೆ ಕೊಟ್ಟು, ತರಕಾರಿ ತೆಗೆದುಕೊಂಡು ಬರುವಷ್ಟರಲ್ಲಿ ಪ್ರಿಂಟು ಕೈಗೆ ಸಿಗುತ್ತಿತ್ತು. ಲಕೋಟೆ ಬಿಚ್ಚುವುದೆಂದರೆ ಅವಳಿಗೆ ಅಂಕಪಟ್ಟಿ ಬಿಚ್ಚಿದ ಹಾಗೆ. ಚೆನ್ನಾಗಿ ಬಂದಿದ್ದರೆ ತಾನು ಪಾಸು, ಬರದಿದ್ದರೆ ಫೇಲು. ಅಲ್ಲಿಗೆ ಮುಗಿಯಿತು ಎಂದೇ ಅವಳು ತಿಳಿದಿದ್ದಳು. ಲಕೋಟೆಯ ಜೊತೆ ಬರುವ ನೆಗೆಟಿವ್ ಪಟ್ಟಿಗಳನ್ನು ಯಾತಕ್ಕೂ ಇರಲಿ ಎಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು.

ಹಬ್ಬಕ್ಕೆ ವಾರವಿರುವಾಗ ಹಜೀರಾಬೀ ಬಂದಳು. ಪ್ರತಿ ಗುರುವಾರ ಸಂಜೆ ಮನೆಗೆ ಮಂಡಕ್ಕಿ ತಂದುಕೊಡುವವಳು ಅವಳು. ಭಟ್ಟಿಯಲ್ಲಿ ಹುರಿಯುವ ಕೈಯೂ ಅವಳದೇ, ಹೊತ್ತು ತರುವ ತಲೆಯೂ ಅವಳದೇ. ಅವತ್ತು ಚೀಲ ಇಳಿಸಿದವಳು ಹೋಗದೆ ಮೆಟ್ಟಿಲ ಮೇಲೆ ಕುಳಿತಳು.

"ರೂಪಮ್ಮ, ನನ್ನದೊಂದು ಫೋಟೋ ತೆಗಿತೀಯಾ?"

"ಅದಕ್ಕೇನ್ರಿ ಹಜೀರಮ್ಮ, ಈಗ್ಲೇ ತೆಗಿಯೋಣ."

"ಇಲ್ಲಲ್ಲ ತಾಯಿ. ಭಟ್ಟಿ ಮುಂದ. ನಾನು ಹುರಿಯೋವಾಗ."

ಮೂವತ್ತೆರಡು ವರ್ಷ ಕೂತ ಭಟ್ಟಿಯನ್ನು ಹಬ್ಬ ಮುಗಿದ ಮೇಲೆ ಮಾಲೀಕರು ಕೆಡವಿಸುತ್ತಾರಂತೆ. ಎತ್ತರದ ಹೊಗೆಗೂಡಿನ ಹೊಸ ಭಟ್ಟಿ ಕಟ್ಟಿಸುತ್ತಾರಂತೆ. ಹೊಸದರ ಮುಂದೆ ಕೂರಲು ಹಜೀರಾಬೀಗೆ ಮನಸ್ಸೂ ಇಲ್ಲ, ಮಂಡಿಯೂ ಇಲ್ಲ. ಹರಿಹರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ಎರಡು ವರ್ಷದಿಂದ ಬಾ ಬಾ ಎನ್ನುತ್ತಿದ್ದಾಳೆ. ಈ ಸಲ ಹೋಗಿಬಿಡುವುದೇ.

"ಮೊಮ್ಮಕ್ಕಳು ಕೇಳ್ತಾವೆ, ನಾನೀ, ನೀನೇನ್ ಕೆಲಸ ಮಾಡ್ತಿದ್ದೆ ಅಂತ. ಮಂಡಕ್ಕಿ ಹುರಿತಿದ್ದೆ ಅಂದ್ರೆ, ಇವ್ರಮ್ಮ ಮನೇಲಿ ಒಗ್ಗರಣೆ ಕೊಡ್ತಾಳಲ್ಲ, ಹಂಗ ಅನ್ಕೊಂಡಾವೆ" ಎಂದು ಹಜೀರಾಬೀ ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: "ಮಕ ಕಾಣ್ಬೇಕು. ಭಟ್ಟೀನೂ ಕಾಣ್ಬೇಕು. ಎರಡೂ."

ಮನೆಯವರನ್ನು ಬಿಟ್ಟು ಹೊರಗಿನವರೊಬ್ಬರು ರೂಪಶ್ರೀಯನ್ನು ಫೋಟೋ ತೆಗೆದುಕೊಡು ಎಂದು ಕೇಳಿದ್ದು ಅದೇ ಮೊದಲು. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, "ತೆಗೆದು ಕೊಡ್ತೀನಿ, ಇದು ನನ್ನ ಮಾತು" ಎಂದಳು.

ಆಯುಧ ಪೂಜೆಯ ದಿನ ಅತ್ತೆ ಮರುಳಸಿದ್ದಮ್ಮ ನಡುಮನೆಯಲ್ಲಿ ಮಣೆ ಹಾಕಿ ಹೊಲಿಗೆ ಯಂತ್ರ, ಈಳಿಗೆ, ಮಗನ ಸ್ಪ್ಯಾನರುಗಳು, ವಾಣಿಯ ಪೆನ್ಸಿಲ್ ಡಬ್ಬಿ ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಜೋಡಿಸಿ ಸೊಸೆಯನ್ನು ಕರೆದರು.

"ನಿನ್ನ ಕ್ಯಾಮೆರಾ ಎಲ್ಲೈತೆ? ತಗಂಬಾ. ಅದೂ ದುಡಿಯೋ ಸಾಮಾನೇ ಅಲ್ವಾ?"

ನಾಲ್ಕು ತಿಂಗಳಿಂದ ಆ ಕ್ಯಾಮೆರಾ ಮನೆಯಲ್ಲಿ ಆಟಿಕೆಯಾಗಿತ್ತು. ಅತ್ತೆ ಒಂದೇ ಮಾತಿಗೆ ಅದನ್ನು ಸ್ಪ್ಯಾನರುಗಳ ಪಕ್ಕ ಕೂರಿಸಿದ್ದರು. ರೂಪಶ್ರೀ ಅದನ್ನು ತಂದುಕೊಟ್ಟು, ಒಲೆಯ ಮೇಲಿನ ಹೋಳಿಗೆ ನೋಡಲು ಒಳಗೆ ಓಡಿದಳು. ಪೂಜೆಯಾಗಿ ಊಟವಾಗಿ ಪಾತ್ರೆ ತೊಳೆದು ಬರುವಷ್ಟರಲ್ಲಿ ಕ್ಯಾಮೆರಾ ಮುಚ್ಚಳ ಹಾಕಿಸಿಕೊಂಡು ಶುಚಿಯಾಗಿ ಕಪಾಟಿನಲ್ಲಿತ್ತು. ಅತ್ತೆಯೇ ಒರೆಸಿ ಇಟ್ಟಿದ್ದರು.

ಶನಿವಾರ ಹಳೆಯ ಭಟ್ಟಿಯ ಕೊನೆಯ ದಿನ. ವಾಣಿಯನ್ನು ಸ್ಕೂಲಿಗೆ ಬಿಟ್ಟು ರೂಪಶ್ರೀ ಹೋದಾಗ ಬೆಂಕಿ ಭರ್ತಿಯಾಗಿತ್ತು. ತಗ್ಗಾದ ತಗಡಿನ ಸೂರು, ಮೂವತ್ತು ವರ್ಷದ ಮಸಿ ಮೆತ್ತಿದ ಗೋಡೆ, ಒಲೆಯ ಬಾಯಿಗೆ ಹೊಟ್ಟು ಸುರಿದಾಗೊಮ್ಮೆ ಭಗ್ಗೆಂದು ಏಳುವ ಉರಿ. ಆ ಉರಿಯ ಮುಂದೆ ಹಜೀರಾಬೀ. ಬಾಣಲೆಯಲ್ಲಿ ಕಾದ ಮರಳಿಗೆ ಅವಳು ಬೊಗಸೆ ಅಕ್ಕಿ ಎರಚುತ್ತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗಿ ಉಕ್ಕಿ ಬರುತ್ತಿತ್ತು. ಜರಡಿಯಲ್ಲಿ ಎತ್ತಿ ಮರಳು ಒದರಿ ಪಕ್ಕದ ರಾಶಿಗೆ ಸುರಿಯುತ್ತಿದ್ದಳು. ಸುತ್ತ ಎಲ್ಲವೂ ಕಪ್ಪು, ರಾಶಿಯೊಂದೇ ಬಿಳುಪು, ನಡುವೆ ಬೆಂಕಿಯ ಬೆಳಕು ಬಿದ್ದ ಮುಖ.

ಕ್ಯಾಮೆರಾದೊಳಗಿಂದ ನೋಡಿದರೆ ಎಲ್ಲವೂ ಸ್ವಲ್ಪ ಮಬ್ಬು ಮಬ್ಬಾಗಿ ಕಾಣುತ್ತಿತ್ತು. ಹೊಗೆಯಲ್ಲವೇ ಎಂದು ರೂಪಶ್ರೀ ಸುಮ್ಮನಾದಳು. ಕಣ್ಣು ಒರೆಸಿಕೊಂಡು ಎರಡು ಫೋಟೋ ತೆಗೆದಳು. ಮೂರನೆಯದಕ್ಕೆ ಕರೆದಳು, "ಹಜೀರಮ್ಮ, ಈ ಕಡೆ!"

ಹಜೀರಾಬೀ ಕೈ ನಿಲ್ಲಿಸದೆ ಮುಖ ಮಾತ್ರ ತಿರುಗಿಸಿದಳು. ಹಣೆಯ ಮೇಲೆ ಬೆವರು, ಒಂದು ಕಡೆಯ ತುಟಿಯಲ್ಲಿ ನಗು, ಕಣ್ಣಿನಲ್ಲಿ 'ಬೇಗ ತೆಗಿಯೇ ಮಾರಾಯ್ತಿ' ಎನ್ನುವ ಅವಸರ. ಗುಂಡಿ ಒತ್ತಿದ ಕೂಡಲೇ ರೂಪಶ್ರೀಗೆ ಗೊತ್ತಾಯಿತು, ಇದೇ ಅಂತ.

ಸೋಮವಾರ ಲ್ಯಾಬಿನಲ್ಲಿ ಅವಳು ಅಲ್ಲೇ ನಿಂತು ಲಕೋಟೆ ಬಿಚ್ಚಿದಳು. ಮೂರೂ ಫೋಟೋ ಬೂದಿ ಎರಚಿದ ಹಾಗಿದ್ದವು. ಮಸಿಯ ಗೋಡೆ ಬೂದಿ, ಮಂಡಕ್ಕಿ ಬೂದಿ, ಹಜೀರಾಬೀಯ ಮುಖವೂ ಬೂದಿ. ಬೆಂಕಿಯೊಂದೇ ಕೆಂಪಗೆ ಉಳಿದಿತ್ತು.

ಲ್ಯಾಬಿನ ವೀರೇಶ್ ಒಳ್ಳೆಯ ಹುಡುಗ. ಅವಳ ಮುಖ ನೋಡಿ ತಾನೇ ಕೈಯಿಂದ ಪ್ರಿಂಟು ಇಸಿದುಕೊಂಡ.

"ಅಕ್ಕಾ, ಮಿಷಿನ್ ಏನ್ ಮಾಡ್ತೈತೆ ಅಂದ್ರೆ, ಇಡೀ ಫೋಟೋದ ಕಪ್ಪು, ಬಿಳುಪು ಎಲ್ಲಾ ಕಲಸಿ ಒಂದು ಸರಾಸರಿ ಹಿಡಿತೈತೆ. ಮದುವಿ ಮನಿ ಫೋಟೋಕ್ಕ ಅದು ಸರಿ ಹೋಗ್ತೈತೆ. ಇಂಥಾ ಫೋಟೋಕ್ಕ ಏನ್ ಮಾಡ್ಬೇಕು ಅಂತ ಅದಕ್ಕೂ ತಿಳಿದಿಲ್ಲ. ತಡೀರಿ, ಕರೆಕ್ಷನ್ ಹಾಕಿ ತೆಗಿತೀನಿ."

ಮೂರನೆಯ ಫೋಟೋವನ್ನೇ ಎರಡು ಬಾರಿ ಪ್ರಿಂಟು ತೆಗೆದ. ಒಂದರಲ್ಲಿ ಮಂಡಕ್ಕಿ ಬೆಳ್ಳಗಾಯಿತು, ಜೊತೆಗೆ ಹಜೀರಾಬೀಯ ಮುಖವೂ ಹಿಟ್ಟು ಮೆತ್ತಿದಂತೆ ಬಿಳಿಚಿ ಕಣ್ಣು ಮೂಗು ಮಾಸಿಹೋದವು. ಇನ್ನೊಂದರಲ್ಲಿ ಗೋಡೆ ಕಪ್ಪಾಯಿತು, ಮುಖ ಗೋಡೆಯೊಳಗೆ ಸೇರಿಹೋಯಿತು.

"ಎರಡರಾಗ ಒಂದು ಆರಿಸ್ಕೊಳ್ರಿ ಅಕ್ಕಾ. ಇಲ್ಲಾಂದ್ರೆ ಇನ್ನೊಂದ್ಸಲ ತೆಗೆದುಬಿಡ್ರಿ."

ಇನ್ನೊಂದು ಸಲ ತೆಗೆಯಲು ಭಟ್ಟಿ ಎಲ್ಲಿದೆ? ಅವತ್ತು ಬೆಳಿಗ್ಗೆಯೇ ಗುದ್ದಲಿ ಬಿದ್ದಿತ್ತು. ಬರುವ ದಾರಿಯಲ್ಲಿ ಮಸಿ ಹಿಡಿದ ಇಟ್ಟಿಗೆಗಳನ್ನು ಟ್ರ್ಯಾಕ್ಟರಿಗೆ ತುಂಬುತ್ತಿದ್ದುದನ್ನು ಅವಳೇ ನೋಡಿದ್ದಳು. ಹಜೀರಾಬೀ ಹೊರಡುವುದು ಭಾನುವಾರ.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ತೋರಿಸಿದಳು. ಬಸವಪ್ರಭು ಎಡಗೈಯಲ್ಲಿ ಹಿಡಿದು ನೋಡಿದ.

"ಚಲೋನೇ ಐತಲ್ಲ. ಬೆಂಕಿ ಎಷ್ಟು ಕೆಂಪಗೆ ಬಂದೈತೆ ನೋಡು."

"ಮುಖ ಎಲ್ಲೈತ್ರಿ?"

"ಮುಖ ಅವಳಿಗೆ ಗೊತ್ತಿರ್ತೈತಲ್ಲ!"

ರೂಪಶ್ರೀಗೆ ನಗು ಬಂತು, ಆದರೆ ಅನ್ನ ಬಡಿಸುವ ಕೈ ಹಗುರಾಗಲಿಲ್ಲ. ಮರುಳಸಿದ್ದಮ್ಮ ಕನ್ನಡಕ ಹಾಕಿಕೊಂಡು ಪ್ರಿಂಟುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದರು.

"ಇದನ್ನ ಕೊಡಬ್ಯಾಡ ರೂಪಾ. ಅವಳು ಕೇಳಿದ್ದು ಇದಲ್ಲ" ಎಂದರು. ಮಜ್ಜಿಗೆ ಕುಡಿದು ಲೋಟ ಇಟ್ಟು, "ಬುಧವಾರ ಅಡಿಗಿ ನಾನು ನೋಡ್ಕೊತೀನಿ. ನೀನು ಹರಿಹರಕ್ಕೆ ಹೋಗಿ ಆ ಸಾಬರನ್ನ ಕೇಳಿಬಾ. ವಾಣಿ ಬರೋದ್ರೊಳಗ ಬಂದ್ಬಿಡು" ಎಂದು ಎದ್ದರು.

ಹಯಾತ್ ಸಾಬ್ ಪ್ರಿಂಟುಗಳನ್ನು ನೋಡಲೇ ಇಲ್ಲ. ಲಕೋಟೆ ಕೈಗೆ ಕೊಟ್ಟರೆ ಅದರಿಂದ ನೆಗೆಟಿವ್ ಪಟ್ಟಿಯನ್ನು ಮಾತ್ರ ಎಳೆದುಕೊಂಡು, ಅಂಚು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿದರು. ಗೇಣುದ್ದದ ಆ ಕಿತ್ತಳೆ ಪಟ್ಟಿಯನ್ನು ತುಂಬ ಹೊತ್ತು ನೋಡಿದರು. ಪಕ್ಕದ ಹೋಟೆಲಿನಿಂದ ತರಿಸಿದ ಚಹಾ ರೂಪಶ್ರೀಯ ಕೈಯಲ್ಲಿ ಆರುತ್ತಿತ್ತು.

"ಕಾಕಾ, ಪೂರ್ತಿ ಕೆಟ್ಟೈತಾ?"

"ಯಾರಂದ್ರು? ಎಲ್ಲಾ ಐತೆ ಇದ್ರಾಗ. ಬಾ ಇಲ್ಲಿ."

ಭೂತಗನ್ನಡಿ ಕೊಟ್ಟರು. ಮೊದಲಿಗೆ ಅವಳಿಗೆ ಏನೂ ತಿಳಿಯಲಿಲ್ಲ. ಕಪ್ಪಿದ್ದದ್ದು ತಿಳಿಯಾಗಿ, ಬಿಳಿಯಿದ್ದದ್ದು ಕಪ್ಪಾಗಿ, ಲೋಕವೇ ತಿರುವುಮುರುವಾಗಿತ್ತು. ಕಣ್ಣು ಪಳಗುತ್ತಿದ್ದಂತೆ ಕಂಡಿತು: ಕಪ್ಪು ಗುಡ್ಡೆಯಂತಿದ್ದ ಮಂಡಕ್ಕಿ ರಾಶಿಯಲ್ಲಿ ಒಂದೊಂದು ಕಾಳೂ ಬೇರೆ ಬೇರೆ. ಮುಖದಲ್ಲಿ ಕಣ್ಣು, ಹುಬ್ಬು, ತುಟಿಯ ಆ ಓರೆ ನಗು.

"ಹಂಗಾದ್ರೆ ಪ್ರಿಂಟಿನಾಗ ಯಾಕ ಬರ್ಲಿಲ್ಲ?"

"ಪ್ರಿಂಟಂದ್ರೆ ಹುರಿದ ಮಂಡಕ್ಕಿ ಮಗಾ. ಒಮ್ಮೆ ಅರಳಿ ಹೋತು ಅಂದ್ರೆ ಹೋತು. ನೆಗೆಟಿವ್ ಅಂದ್ರೆ ಇನ್ನೂ ಅಕ್ಕಿ. ಹೆಂಗ ಬೇಕೋ ಹಂಗ ಮಾಡ್ಕೋಬೌದು. ನೀನು ಇಷ್ಟು ದಿನ ಮಂಡಕ್ಕಿ ತಿಂದು, ಅಕ್ಕಿ ಡಬ್ಬಿಯಾಗ ಇಟ್ಟಿದ್ದಿ" ಎಂದು ನಕ್ಕ ಹಯಾತ್ ಸಾಬ್ ಮತ್ತೆ ಪಟ್ಟಿ ಎತ್ತಿದರು. "ಆದ್ರೆ ಒಂದು ವಿಚಿತ್ರ ನೋಡು. ಈ ಗೊಂಬಿ ಇಟ್ಟಿರೋ ಫೋಟೋ, ಇದು ನಿನ್ನ ಮಗಳು, ಇವೆಲ್ಲ ನಿಚ್ಚಳ ಅದಾವೆ. ಇಲ್ಲಿಂದ ಮುಂದಕ್ಕೆ ಮಬ್ಬು. ನಡುವೆ ಏನಾತು? ಕ್ಯಾಮೆರಾ ಕೊಡು."

ಲೆನ್ಸಿನ ಮುಚ್ಚಳ ತೆಗೆದು ಓರೆಯಾಗಿ ಬೆಳಕಿಗೆ ಹಿಡಿದರು. ಕಿರುಬೆರಳು ಗಾಜಿನ ಮೇಲೆ ಮೆತ್ತಗೆ ಎಳೆದು ಬೆರಳು ನೋಡಿಕೊಂಡರು. ನೋಡಿ, ಹೊಟ್ಟೆ ಕುಲುಕುವಂತೆ ನಗತೊಡಗಿದರು.

"ಯಾ ಅಲ್ಲಾ! ವಿಭೂತಿ! ಕ್ಯಾಮೆರಾಕ್ಕೆ ಮೂರು ಬೆರಳು ವಿಭೂತಿ ಎಳೆದು ಅಯ್ನೋರನ್ನ ಮಾಡ್ಯಾರಲ್ಲೇ! ಅದೂ ಹಣಿ ಅಂತ ತಿಳಿದು, ಸರಿಯಾಗಿ ಕಣ್ಣಿಗೇ!"

ರೂಪಶ್ರೀಗೆ ಒಂದೇ ಏಟಿಗೆ ಎಲ್ಲವೂ ಹೊಳೆಯಿತು. ಹೊಲಿಗೆ ಯಂತ್ರಕ್ಕೆ, ಈಳಿಗೆಗೆ ಇಟ್ಟಂತೆ ಅತ್ತೆ ಕ್ಯಾಮೆರಾಕ್ಕೂ ಭಕ್ತಿಯಿಂದ ವಿಭೂತಿ ಇಟ್ಟಿದ್ದಾರೆ. ಅಗಲವಾಗಿ, ದುಂಡಗೆ, ಹೊಳೆಯುತ್ತ ಎದುರಿಗೇ ಇದ್ದ ಜಾಗದಲ್ಲಿ. ಪೂಜೆಯಾದ ಮೇಲೆ ಒದ್ದೆ ಬಟ್ಟೆಯಲ್ಲಿ ಅಷ್ಟೇ ಪ್ರೀತಿಯಿಂದ ಒರೆಸಿದ್ದಾರೆ. ಒರೆಸಿದರೂ ತೆಳ್ಳಗಿನ ಪೊರೆ ಉಳಿದುಬಿಟ್ಟಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ಅತ್ತೆಗೆ ಹೇಳಬ್ಯಾಡ್ರಿ ಕಾಕಾ."

"ನಾನ್ಯಾಕ ಹೇಳ್ಲಿ? ನಡಿ ಒಳಗೆ. ಸಮಯ ಎಷ್ಟೈತೆ ನಿನಗೆ?"

"ಮೂರರ ಬಸ್ಸಿಗೆ ಹೋಗ್ಬೇಕ್ರಿ."

ಡಾರ್ಕ್ ರೂಮು ಎಂದರೆ ಹಿಂದಿನ ಬಚ್ಚಲುಮನೆ. ಕಿಟಕಿಗೆ ಕಪ್ಪು ಕಂಬಳಿ, ಮೂಲೆಯಲ್ಲಿ ಕೆಂಪು ಬಲ್ಬು, ಕಲ್ಲಿನ ಮೇಲೆ ಮೂರು ತಟ್ಟೆಯಲ್ಲಿ ಫೋಟೋ ತೊಳೆಯುವ ಮೂರು ಬಗೆಯ ನೀರು. "ಬಣ್ಣದ ನೆಗೆಟಿವ್ ಇದು. ನನ್ನ ಹತ್ರ ಕಪ್ಪುಬಿಳುಪಿನ ಕಾಗದ ಅಷ್ಟೇ ಐತೆ, ನಡಿತೈತೇನು?" ಎಂದು ಹಯಾತ್ ಸಾಬ್ ಕೇಳಿದರು. ನಡೆಯುತ್ತದೆ ಎಂದಳು.

ಎನ್‌ಲಾರ್ಜರಿನ ದೀಪ ಹಾಕಿದಾಗ ಪಟ್ಟಿಯ ಮೂಲಕ ಬೆಳಕು ಹಾಯ್ದು ಕೆಳಗಿನ ಬಿಳಿ ಹಲಗೆಯ ಮೇಲೆ ತಿರುವುಮುರುವಾದ ಹಜೀರಾಬೀ ದೊಡ್ಡದಾಗಿ ಮೂಡಿದಳು. ಮೊದಲು ಒಂದು ಸಾದಾ ಕಾಗದ. ಬೆಳಕು ಕೊಟ್ಟು ತಟ್ಟೆಯಲ್ಲಿ ಅದ್ದಿದರೆ ಬಂದದ್ದು ಮತ್ತದೇ ಬೂದಿ. ಹಯಾತ್ ಸಾಬ್ ಇದನ್ನೇ ಕಾಯುತ್ತಿದ್ದವರಂತೆ ತಲೆಯಾಡಿಸಿ, ಬೇರೆ ಪೊಟ್ಟಣ ಬಿಚ್ಚಿದರು. "ಇದು ಹಾರ್ಡ್ ಪೇಪರ್. ಕಪ್ಪಿಗೂ ಬಿಳುಪಿಗೂ ಜಗಳ ಹಚ್ಚೋ ಕಾಗದ. ನಿಮ್ಮತ್ತೆ ಕಲಸಿದ್ದನ್ನ ಇದು ಬಿಡಿಸ್ತೈತೆ."

ಬಿಡಿಸಿತು. ಗೋಡೆ ಮಸಿಯಾಯಿತು, ಮಂಡಕ್ಕಿ ಮಂಡಕ್ಕಿಯಾಯಿತು. ಆದರೆ ಮುಖ ಕಪ್ಪಾಗಿ ಕೂತಿತು.

"ಕಾಗದಕ್ಕೆ ಬೆಳಕು ಬಿದ್ದಷ್ಟೂ ಕಪ್ಪಾಗ್ತೈತೆ, ಮುಖಕ್ಕೆ ಜಾಸ್ತಿ ಬಿತ್ತು. ಅಲ್ಲಿಷ್ಟು ನೆರಳು ಹಿಡಿಬೇಕು" ಎಂದ ಹಯಾತ್ ಸಾಬ್, ತಂತಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿದ ಒಂದು ಕಡ್ಡಿಯನ್ನು ಅವಳ ಕೈಗಿಟ್ಟರು.

"ನೀವೇ ಹಿಡೀರಿ ಕಾಕಾ, ನನಗೆ ಬರಂಗಿಲ್ಲ."

"ಆ ಮುಖ ಅಲ್ಲಿ ನೋಡಿದಾಕಿ ನೀನು. ಮಿಷಿನ್ ನೋಡಿಲ್ಲ, ನಾನೂ ನೋಡಿಲ್ಲ. ಎಷ್ಟು ಕಪ್ಪಿತ್ತು, ಎಷ್ಟು ಹೊಳಿತಿತ್ತು, ನನಗೇನ್ ಗೊತ್ತು? ಹಿಡಿ."

ಮೊದಲ ಸಲ ಬಿಲ್ಲೆಯನ್ನು ಒಂದೇ ಕಡೆ ಹಿಡಿದುಬಿಟ್ಟಳು. ಹಜೀರಾಬೀಯ ತಲೆಯ ಸುತ್ತ ದೇವರ ಪಟದಲ್ಲಿರುವಂಥ ಪ್ರಭೆ ಬಂತು. "ಪೀರ್ ಆಗ್ಬಿಟ್ಳಲ್ಲೇ" ಎಂದು ಹಯಾತ್ ಸಾಬ್ ಕಾಗದ ಬದಿಗಿಟ್ಟರು. ಎರಡನೆಯ ಸಲ ಬಿಲ್ಲೆ ಜಾರಿ ನೆರಳು ಬಾಣಲೆಗೆ ಬಿತ್ತು. ಮೂರನೆಯ ಸಲ ಅವಳು ಉಸಿರು ಹಿಡಿದು, ಮಗುವಿಗೆ ಆರಿದ ಹಾಲು ಕುಡಿಸುವಾಗ ಒಳಲೆಯನ್ನು ಆಡಿಸುವಷ್ಟೇ ಮೆತ್ತಗೆ ಬಿಲ್ಲೆಯನ್ನು ಆಡಿಸುತ್ತ, ಮನಸ್ಸಿನಲ್ಲಿ ಎಣಿಸುತ್ತ ಹೋದಳು.

ಕಾಗದ ನೀರಿಗಿಳಿಯಿತು. ಮೊದಲು ಗೋಡೆ ಮೂಡಿತು, ಆಮೇಲೆ ಬಾಣಲೆಯ ಅಂಚು, ಜರಡಿ ಹಿಡಿದ ಕೈ, ಬಳೆ. ತೀರ ಕೊನೆಗೆ, ಬರುತ್ತದೋ ಇಲ್ಲವೋ ಎಂದು ಕಾಯಿಸಿ ಕಾಯಿಸಿ, ಮುಖ. ಹಣೆಯ ಬೆವರು, ಓರೆ ನಗು, ಆ ಅವಸರದ ಕಣ್ಣು. ಕೆಂಪು ಬಲ್ಬಿನ ಕೆಳಗೆ ಹಜೀರಾಬೀ ನೀರಿನೊಳಗಿಂದ ಅವಳನ್ನೇ ನೋಡುತ್ತಿದ್ದಳು. ಹಯಾತ್ ಸಾಬ್ ಚಿಮ್ಮಟದಿಂದ ಕಾಗದವನ್ನು ಎರಡನೆಯ ತಟ್ಟೆಗೆ ದಾಟಿಸಿದರು.

ಒದ್ದೆ ಪ್ರಿಂಟು ಗಾಜಿನ ಮೇಲೆ ಒಣಗುತ್ತಿರುವಾಗ ಅವಳು ಕೇಳಿದಳು, "ಇನ್ಮ್ಯಾಲೆ ಎಲ್ಲಾನೂ ಹಿಂಗೇ ಮಾಡ್ಬೇಕೇನ್ರಿ ಕಾಕಾ? ಲ್ಯಾಬಿಗೆ ಕೊಡೋದು ಬಿಟ್ಬಿಡ್ಲಾ?"

"ಹುಚ್ಚಿ. ಮಗಳ ಹುಟ್ಟಿದಹಬ್ಬದ ಫೋಟೋಕ್ಕ ಇಲ್ಲಿ ಬಂದು ಕುಂತ್ರೆ ಮನೇಲಿ ರೊಟ್ಟಿ ಬಡಿಯೋರು ಯಾರು? ಅದಕ್ಕ ಲ್ಯಾಬೇ ಚಲೋ. ಆ ಹುಡುಗ ಪಾಪ ತಪ್ಪೇನೂ ಮಾಡಿಲ್ಲ. ಆದ್ರೆ ನೆಗೆಟಿವ್ ಮಾತ್ರ ಬಿಟ್ಟು ಬರಬ್ಯಾಡ. ಯಾವ ಫೋಟೋ ಮುಂದ ಯಾರಿಗೆ ಬೇಕಾಗ್ತೈತೋ ತೆಗೆಯೋವಾಗ ಗೊತ್ತಿರಂಗಿಲ್ಲ." ಸ್ವಲ್ಪ ತಡೆದು ಸೇರಿಸಿದರು, "ಮತ್ತ, ಗಾಜು ಒರೆಸೋದು ನೀನೇ ಒರೆಸು."

ಮನೆ ಮುಟ್ಟಿದಾಗ ವಾಣಿ ಆಗಷ್ಟೇ ಬೂಟು ಬಿಚ್ಚುತ್ತಿದ್ದಳು. ಮರುಳಸಿದ್ದಮ್ಮ ಫೋಟೋ ನೋಡಿ, "ನೋಡಿದ್ಯಾ, ಈಗ ಬಂದ್ಲು ಹಜೀರಾ!" ಎಂದು ಹಿಗ್ಗಿದರು. "ಮೊದ್ಲು ಏನಾಗಿತ್ತಂತೆ?"

"ಗಾಜಿಗೆ ಒಂಚೂರು ಧೂಳು ಕೂತಿತ್ತಂತೆ ಅತ್ತೆ."

"ಧೂಳಾ? ನಾನು ಹಬ್ಬದ ದಿನಾನೇ ಒರೆಸಿದ್ದೆನಲ್ಲ!"

"ಭಟ್ಟಿಯಾಗ ಮತ್ತ ಕೂತಿರಬೇಕು" ಎಂದು ರೂಪಶ್ರೀ ಅಕ್ಕಿ ತೊಳೆಯಲು ನಲ್ಲಿಯ ಕಡೆ ತಿರುಗಿದಳು.

ಶನಿವಾರ ಅವಳು ಎರಡು ಫೋಟೋ ತೆಗೆದುಕೊಂಡು ಹಜೀರಾಬೀಯ ಮನೆಗೆ ಹೋದಳು. ಹಯಾತ್ ಸಾಬರಲ್ಲಿ ಮಾಡಿದ ಕಪ್ಪುಬಿಳುಪಿನದು ಒಂದು. ವೀರೇಶ್ ತೆಗೆದದ್ದರಲ್ಲಿ ಬಣ್ಣ ಚೆನ್ನಾಗಿದ್ದದ್ದು ಇನ್ನೊಂದು. ದಾರಿಯುದ್ದಕ್ಕೂ ಅವಳಿಗೆ ಹೊಸದೊಂದು ಚಿಂತೆ ಹತ್ತಿತ್ತು. ಈಗಿನ ಕಾಲದಲ್ಲಿ ಕಪ್ಪುಬಿಳುಪು ಯಾರಿಗೆ ಬೇಕು? ಬಣ್ಣವಿಲ್ಲದ ಫೋಟೋ ಎಂದರೆ ತೀರಿಹೋದವರದು ಎನ್ನುವ ಜನ. ಹಜೀರಾಬೀ ಮುಖ ಸಣ್ಣದು ಮಾಡಿಕೊಂಡರೆ?

ಹಜೀರಾಬೀ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಕೈ ಒರೆಸಿಕೊಂಡು ಮೊದಲು ಬಣ್ಣದ್ದನ್ನು ತೆಗೆದುಕೊಂಡಳು. "ಹೂಂ, ಬೆಂಕಿ ಚಲೋ ಬಂದೈತೆ" ಎಂದಳು. ಆಮೇಲೆ ಇನ್ನೊಂದನ್ನು. ಅದನ್ನು ಹಿಡಿದು ಬಾಗಿಲ ಬೆಳಕಿಗೆ ಹೋದಳು. ದೂರ ಹಿಡಿದಳು, ಹತ್ತಿರ ಹಿಡಿದಳು.

"ಇದ್ರಾಗ ಬಣ್ಣ ಇಲ್ಲ ಹಜೀರಮ್ಮ" ಎಂದು ರೂಪಶ್ರೀಯೇ ಶುರು ಮಾಡಿದಳು. "ಬೆಂಕಿ ಕೆಂಪು ಬೇಕಾದ್ರೆ ಅದು, ಮುಖ ಬೇಕಾದ್ರೆ ಇದು. ನಿಮಗೆ ಯಾವುದು..."

"ಬೆಂಕಿ ಮೂವತ್ತೆರಡು ವರ್ಷ ದಿನಾ ನೋಡೀನಿ ತಾಯಿ. ಅದರ ಮುಂದ ಕುಂತ ನನ್ನ ಮಕ ನಾನು ಯಾವತ್ತು ನೋಡಿದ್ದೆ?" ಹಜೀರಾಬೀ ಫೋಟೋದಿಂದ ಕಣ್ಣು ತೆಗೆಯಲಿಲ್ಲ. "ಅಲ್ಲಿ ಕುಂತ್ರೆ ಮಸಿ ಬಡ್ಕೊಂಡು ದೆವ್ವದಂಗ ಕಾಣ್ತೀನಿ ಅನ್ಕೊಂಡಿದ್ದೆ. ಪರವಾಗಿಲ್ಲ. ಚಂದನೇ ಅದೀನಿ."

ರೂಪಶ್ರೀಯ ಎದೆಯ ಮೇಲಿಂದ ಚೀಲ ಇಳಿಸಿದಂತಾಯಿತು. ಅಷ್ಟರಲ್ಲಿ ಹಜೀರಾಬೀ ಫೋಟೋವನ್ನು ಮೂಗಿನ ಹತ್ತಿರ ತಂದು ಹುಬ್ಬು ಗಂಟಿಕ್ಕಿದಳು.

"ಏ ರೂಪಮ್ಮ, ಇಲ್ನೋಡು. ಈ ಬಾಣಲಿ ಅಂಚಿನಾಗ. ಸೀದೈತೆ!"

ನಿಜವೇ. ಬಾಣಲೆಯ ಅಂಚಿನಲ್ಲಿ ಹತ್ತಿಪ್ಪತ್ತು ಕಾಳು ಕಪ್ಪಾಗಿದ್ದವು. ಡಾರ್ಕ್ ರೂಮಿನಲ್ಲಿ ಮೂರು ಸಲ ನೋಡಿದ ರೂಪಶ್ರೀಗೂ, ಹಯಾತ್ ಸಾಬರಿಗೂ ಅದು ಕಂಡಿರಲಿಲ್ಲ.

"ನೀನು ಈ ಕಡೆ ಅಂತ ಕರೆದ್ಯಲ್ಲ, ಆವಾಗ ಕಣ್ಣು ತೆಗೆದೆ ನೋಡು. ಮೂವತ್ತೆರಡು ವರ್ಷದಾಗ ಒಂದು ಒಬ್ಬೆ ಮಂಡಕ್ಕಿ ಸೀಯಿಸಿದಾಕಿ ಅಲ್ಲ ನಾನು. ಕೊನೇ ದಿನ ಸೀಯಿಸಿದೆ, ಅದ್ನೇ ಫೋಟೋ ಹಿಡಿದಿ!"

"ಅಷ್ಟು ಜಾಗ ಬೆಳ್ಳಗೆ ಮಾಡ್ಕೊಂಡು ಬರೋಕೆ ಬರ್ತೈತೆ ಹಜೀರಮ್ಮ. ನೆಗೆಟಿವ್ ನನ್ನ ಹತ್ರಾನೇ ಐತೆ. ಮಾಡಿಸ್ಲಾ?"

ಹಜೀರಾಬೀ ಸ್ವಲ್ಪ ಯೋಚಿಸಿದಳು. ಆಮೇಲೆ ಟ್ರಂಕ್ ತೆಗೆದು, ಮಡಿಸಿಟ್ಟ ಹೊಸ ಸೀರೆಯ ಪದರದೊಳಗೆ ಫೋಟೋವನ್ನು ಜೋಪಾನವಾಗಿ ಸೇರಿಸಿದಳು.

"ಬ್ಯಾಡ ಬಿಡು. ಸೀದಿದ್ದು ಸೀದೈತೆ" ಎಂದಳು. "ನಮ್ಮ ಮಾಲೀಕರಿಗೆ ಮಾತ್ರ ತೋರಿಸಬ್ಯಾಡ."